ಹನ್ನೊಂದು ಅಂಕಣದ ಆನೆಲಾಯ

ಬೀದರ್, ಅಷ್ಟೂರಿನ ಗುಮ್ಮಟಗಳನ್ನು ನೋಡಿ ಬೆಳೆದ ಕಲ್ಹೇರ್ ಕಡೆಯವರಿಗೆ ಹಂಪಿಯ ಆನೆಲಾಯ ಹೊಸದೆನಿಸುವುದಿಲ್ಲ. 1956ರವರೆಗೆ ಕಲ್ಹೇರ್ ಕಡೆಯ ನಮ್ಮ ನಾರಾಯಣಖೇಡವೂ ಬೀದರ್ ಜಿಲ್ಲೆಯಲ್ಲೇ ಇತ್ತು. ಬೀದರ್ ಆಳಿದ ಬಹಮನಿ ಸುಲ್ತಾನರಿಗೂ ಹಂಪಿಯ ವಿಜಯನಗರಕ್ಕೂ ತಲೆಮಾರುಗಟ್ಟಲೆ ಯುದ್ಧ ನಡೆಯಿತು. ಆದರೂ ನಮ್ಮ ಸೀಮೆಯ ಗುಮ್ಮಟ ಅಲ್ಲಿನ ಅರಸರ ಆನೆಗಳಿಗೆ ನೆರಳಾಯಿತು.

ಕಮಲ ಮಹಲಿನ ಆವರಣ ದಾಟಿದರೆ ಬಯಲು. ಅದರ ಅಂಚಿಗೆ ಪಶ್ಚಿಮಕ್ಕೆ ಮುಖ ಮಾಡಿ ಒಂದೇ ಸಾಲಿನಲ್ಲಿ ಹನ್ನೊಂದು ಅಂಕಣಗಳು. ನಡುವಿನದರ ಮೇಲೆ ಮಾಳಿಗೆಯಿದೆ, ಅದರ ನೆತ್ತಿ ಕುಸಿದಿದೆ. ಎರಡೂ ಪಕ್ಕಕ್ಕೆ ಐದೈದು ಗುಮ್ಮಟ: ಒಂದು ಗುಂಡಗೆ, ಒಂದು ಎಂಟು ಮೂಲೆಯದು, ಮತ್ತೊಂದು ಏಣೇಣಾಗಿ ಸೀಳಿದ್ದು. ಎಡಕ್ಕೆ ಯಾವ ಬಗೆಯದಿದೆಯೋ ಬಲಕ್ಕೂ ಅದೇ. ಗುಮ್ಮಟ ಇಲ್ಲಿ ಬರೀ ಅಂದಕ್ಕಲ್ಲ. ಚಪ್ಪಟೆ ಕಲ್ಲಿನ ಮಾಡಾದರೆ ನಡುವೆ ಕಂಬ ಬೇಕು. ಗುಮ್ಮಟ ಇಡೀ ಭಾರವನ್ನು ಗೋಡೆಗೇ ದಾಟಿಸುತ್ತದೆ. ಹಾಗಾಗಿ ಆನೆ ತಿರುಗಲು ಅಡ್ಡಿಯಿಲ್ಲ. ಕೋಣೆಯಿಂದ ಕೋಣೆಗೆ ಮನುಷ್ಯ ನುಸುಳುವಷ್ಟು ಸಣ್ಣ ಬಾಗಿಲುಗಳಿವೆ.

ಇದೇ ಹಂಪಿಯಲ್ಲಿ ಇಮ್ಮಡಿ ದೇವರಾಯನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯನ್ನೂ ನೋಡಬೇಕು. ಅಲ್ಲಿನ ಕನ್ನಡ ಶಾಸನ ಅದನ್ನು ಧರ್ಮಶಾಲೆ ಎನ್ನುತ್ತದೆ. ಮಸೀದಿಗೆ ಗುಡಿಯ ಕಂಬ, ಆನೆಲಾಯಕ್ಕೆ ಮಸೀದಿಯ ಗುಮ್ಮಟ! ಅಂದಿನ ಕುಶಲಕರ್ಮಿಗಳಿಗೆ ಇದು ಸಹಜವಾಗಿತ್ತು ಎಂಬುದೇ ನನಗೆ ಹಂಪಿಯ ದೊಡ್ಡ ಬೆರಗು.

ವಿಜಯನಗರ ಸೋತ 1565ರ ಯುದ್ಧದ ನಂತರ ನಗರ ಹಾಳಾಯಿತು. ಗಟ್ಟಿಯಾಗಿ ನಿಂತಿದ್ದ ಈ ಲಾಯಕ್ಕೆ ಬ್ರಿಟಿಷರ ಕಾಲದಲ್ಲಿ ಬೇರೆಯೇ ಕೆಲಸ ಬಂತು. ಹಾಳುಬಿದ್ದ ಗುಡಿಗಳಿಂದ ಆಯ್ದು ತಂದ ವಿಗ್ರಹ, ಶಿಲ್ಪಗಳನ್ನು ಅಧಿಕಾರಿಗಳು ಇಲ್ಲೇ ಇರಿಸಿದರು. ಹಂಪಿಯ ಮೊದಲ ವಸ್ತುಸಂಗ್ರಹಾಲಯ ಆನೆಗಳ ಮನೆಯಲ್ಲೇ ಶುರುವಾಯಿತು. 1972ರಲ್ಲಿ ಅವೆಲ್ಲ ಕಮಲಾಪುರದ ಹೊಸ ಕಟ್ಟಡಕ್ಕೆ ಹೋದವು. ನಮ್ಮ ಬೀದರ್ ಕೋಟೆಯಲ್ಲೂ ಹೀಗೆಯೇ: ಅರಸರ ಸ್ನಾನದ ಹಮಾಮಿನಲ್ಲಿ ಈಗ ವಸ್ತುಸಂಗ್ರಹಾಲಯವಿದೆ.

ಲಾಯದ ಕೋಣೆಗಳು ಈಗ ಖಾಲಿ. ಹೋಗುವವರು ಹೊತ್ತು ಇಳಿದ ಮೇಲೆ ಹೋಗಿ. ಪಡುವಣ ಬಿಸಿಲು ಎತ್ತರದ ಕಮಾನುಗಳೊಳಗೆ ನೇರ ಬಿದ್ದಾಗ ಗಚ್ಚುಗಾರೆಯಲ್ಲಿ ಉಳಿದಿರುವ ಕುಸುರಿ ಎದ್ದು ಕಾಣುತ್ತದೆ.