ಮೊದಲ ಗ್ರಾಮಫೋನ್ ಪ್ಲೇಟಿನಲ್ಲಿ ಇದ್ದದ್ದು ಋಗ್ವೇದವೇ?

ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಒಂದು ಸಂದೇಶ ನಿಮಗೂ ಬಂದಿರಬಹುದು. ಗ್ರಾಮಫೋನ್ ಕಂಡುಹಿಡಿದ ಎಡಿಸನ್, ಜರ್ಮನ್ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅವರನ್ನು ಕರೆಸಿ ಋಗ್ವೇದದ ಮೊದಲ ಮಂತ್ರ ಹೇಳಿಸಿದರಂತೆ. ಎಚ್‌ಎಂವಿ ಕಂಪನಿಯ ಮೊಟ್ಟಮೊದಲ ಪ್ಲೇಟು ಅದೇ ಅಂತೆ. ಇದು ನಿಜವೇ?

ಅಲ್ಲ. ಈ ಸಂದೇಶ ಎರಡು ಬೇರೆ ಬೇರೆ ಯಂತ್ರಗಳನ್ನು ಒಂದೇ ಮಾಡಿಬಿಟ್ಟಿದೆ.

ಇಸವಿಗಳು ಏನು ಹೇಳುತ್ತವೆ?

ಎಡಿಸನ್ ಮಾಡಿದ ಯಂತ್ರದ ಹೆಸರು ಫೋನೋಗ್ರಾಫ್. ಅದು ಹೊರಬಂದದ್ದು 1877ರಲ್ಲಿ, ಅಮೆರಿಕದಲ್ಲಿ. ಅದರಲ್ಲಿ ಪ್ಲೇಟೇ ಇರಲಿಲ್ಲ. ತವರದ ಹಾಳೆ ಸುತ್ತಿದ ಉರುಳೆಯೊಂದು ತಿರುಗುತ್ತಿತ್ತು. ಅದರ ಮುಂದೆ ಎಡಿಸನ್ ತಾವೇ ಇಂಗ್ಲಿಷಿನ ಒಂದು ಮಕ್ಕಳ ಪದ್ಯ ಹೇಳಿದ್ದರು. ಚಪ್ಪಟೆ ಪ್ಲೇಟಿನ ಗ್ರಾಮಫೋನ್ ಮಾಡಿದವರು ಎಮಿಲ್ ಬರ್ಲಿನರ್, ಅದು 1887ರಲ್ಲಿ. ಮುಂದೆ ಎಚ್‌ಎಂವಿ ಎಂದು ಹೆಸರಾದ ಲಂಡನ್ನಿನ ಗ್ರಾಮಫೋನ್ ಕಂಪನಿ ಶುರುವಾದದ್ದು 1898ರಲ್ಲಿ. ಅಷ್ಟು ಹೊತ್ತಿಗೆ ಎಡಿಸನ್ ಯಂತ್ರಕ್ಕೆ ಇಪ್ಪತ್ತು ವರ್ಷ ಆಗಿತ್ತು. ಎಡಿಸನ್ ಆ ಕಂಪನಿಯವರೂ ಅಲ್ಲ. ಮ್ಯಾಕ್ಸ್ ಮುಲ್ಲರ್ ಋಗ್ವೇದವನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದು ನಿಜ. ಆದರೆ ಮೊದಲ ಧ್ವನಿಮುದ್ರಣ ಅವರದಲ್ಲ.

ಹಾಗಾದರೆ ನಮ್ಮ ದೇಶದ ಮೊದಲ ಪ್ಲೇಟುಗಳು?

1902ರ ನವೆಂಬರಿನಲ್ಲಿ ಆ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದ ಹೋಟೆಲೊಂದರಲ್ಲಿ ಯಂತ್ರ ಹೂಡಿದರು. ಅಲ್ಲಿ ಹಾಡಿದವರಲ್ಲಿ ಹೆಚ್ಚು ಹೆಸರಾದವರು ಗೌಹರ್ ಜಾನ್. ಆಗ ಮೈಕ್ ಇರಲಿಲ್ಲ. ಹಾಡುವವರು ದೊಡ್ಡ ತುತ್ತೂರಿಯ ಬಾಯಿಗೆ ಮುಖವಿಟ್ಟು ಜೋರಾಗಿ ಹಾಡಬೇಕು. ದನಿಯ ಒತ್ತಡಕ್ಕೆ ತುತ್ತೂರಿಯ ತುದಿಯ ತೆಳು ಪೊರೆ ಅದುರುತ್ತದೆ, ಪೊರೆಗೆ ಕಟ್ಟಿದ ಸೂಜಿ ಮೇಣದ ಮೇಲೆ ಗೆರೆ ಕೊರೆಯುತ್ತದೆ. ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ.

ಗೌಹರ್ ಜಾನ್ ಹಾಡು ಮುಗಿಯುತ್ತಿದ್ದ ಹಾಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅದು ಜಂಬವಲ್ಲ. ಪ್ಲೇಟು ತಯಾರಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದು ಎಂದು ತಿಳಿಯಬೇಕಿತ್ತು. ಆ ಒಂದು ಸಾಲು ಇರುವುದರಿಂದ ನೂರು ವರ್ಷ ದಾಟಿದ ಮೇಲೂ ಆ ದನಿ ಯಾರದೆಂದು ಯಾರೂ ಅನುಮಾನ ಪಡಬೇಕಿಲ್ಲ. ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಹಳ್ಳಿಯ ಹಾಡು ಪ್ಲೇಟಿಗೆ ಏಕೆ ಬರಲಿಲ್ಲ?

ಕನ್ನಡದಲ್ಲೂ ಪ್ಲೇಟುಗಳು ಬಂದವು. ಹೆಚ್ಚಿನವು ಶಾಸ್ತ್ರೀಯ ಸಂಗೀತ ಮತ್ತು ಕಂಪನಿ ನಾಟಕದ ಹಾಡುಗಳು. 1884ರಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ಹುಟ್ಟಿದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳ ಮಟ್ಟುಗಳು ಊರೂರಲ್ಲಿ ಬಾಯಿಪಾಠವಾಗಿದ್ದ ಕಾಲ ಅದು.

ಆದರೆ ಪುರವರ, ಮಧುಗಿರಿ, ಸಿರಾ, ಪಾವಗಡದ ಕಡೆಯ ಸೋಬಾನೆ, ಬೀಸುವ ಪದ, ಏಕತಾರಿಯ ತತ್ವಪದ, ಕಾಡುಗೊಲ್ಲರ ಗಣೆಯ ನಾದ ಅಂಗಡಿಯ ಪ್ಲೇಟುಗಳಿಗೆ ಹತ್ತಲಿಲ್ಲ ಎಂದೇ ಹೇಳಬೇಕು. ಪ್ಲೇಟು ಕೊಳ್ಳುವ ಶಕ್ತಿ ಇದ್ದದ್ದು ಪೇಟೆಯ ಅನುಕೂಲಸ್ಥರಿಗೆ, ಕಂಪನಿ ಅವರ ರುಚಿ ನೋಡಿತು. ಏಕತಾರಿಯ ಮೆಲುದನಿ ತುತ್ತೂರಿಗೆ ನಿಲುಕುವುದು ಕಷ್ಟ. ಮೇಲಾಗಿ, ರಾತ್ರಿಯಿಡೀ ಹಾಡುವ ಜುಂಜಪ್ಪನ ಕಥೆ ಮೂರು ನಿಮಿಷದಲ್ಲಿ ಹಿಡಿಸುವುದೆಂತು?

ಊರಿನ ಹೆಸರು ಹುಡುಕಿಕೊಟ್ಟ ಹಾಡುಗಾರ

ಅಮೆರಿಕದಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿನ ಕಪ್ಪು ಜನರ 'ಬ್ಲೂಸ್' ಹಾಡಿಗೆ ಗಿರಾಕಿಗಳಿದ್ದಾರೆ ಎಂದು 1920ರ ನಂತರ ಕಂಪನಿಗಳಿಗೆ ಗೊತ್ತಾಯಿತು. ಆಗ ಹತ್ತಿ ಹೊಲದ ಕೂಲಿಗಳೂ ಗಿಟಾರ್ ಹಿಡಿದು ಹಾಡಿ ಪ್ಲೇಟಿಗೆ ಬಂದರು. ಅವರಲ್ಲೊಬ್ಬರು ಮಿಸಿಸಿಪಿ ಜಾನ್ ಹರ್ಟ್. 1928ರಲ್ಲಿ ಹಾಡಿದರು, ಪ್ಲೇಟು ಹೆಚ್ಚು ಮಾರಲಿಲ್ಲ, ಊರಿಗೆ ಹಿಂತಿರುಗಿ ಹೊಲದ ಕೆಲಸಕ್ಕೆ ಇಳಿದರು. ಲೋಕ ಅವರನ್ನು ಮರೆತಿತು.

1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಸಂಗೀತಪ್ರಿಯ ಆ ಹಳೆಯ ಹಾಡುಗಳನ್ನು ಕೇಳಿದಾಗ ಒಂದರಲ್ಲಿ 'ಅವಲಾನ್' ಎಂಬ ಊರಿನ ಹೆಸರಿತ್ತು. ನಕ್ಷೆಯಲ್ಲಿ ಹುಡುಕಿ ಹೋದರು. ಹರ್ಟ್ ಅಲ್ಲೇ ಇದ್ದರು, ಆಗ ಎಪ್ಪತ್ತರ ಆಸುಪಾಸಿನ ಮುದುಕ. ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಸಾವಿರಾರು ಜನರ ಮುಂದೆ ಹಾಡಿದರು. 1966ರಲ್ಲಿ ತೀರಿಕೊಳ್ಳುವ ತನಕ ಹಾಡುತ್ತಲೇ ಇದ್ದರು. ಹಾಡಿನೊಳಗಿದ್ದ ಊರಿನ ಹೆಸರೊಂದು ಮನುಷ್ಯನನ್ನೇ ಹುಡುಕಿಕೊಟ್ಟಿತು.

ನಾವು ನೀವು ಏನು ಮಾಡಬಹುದು?

ಯಾರು, ಎಲ್ಲಿ, ಯಾವಾಗ ಎಂಬ ಮೂರು ಮಾತು ಇಲ್ಲದ ದನಿಗೆ ಯಾರು ಯಾವ ಕಥೆ ಬೇಕಾದರೂ ಅಂಟಿಸಬಹುದು. ಫಾರ್ವರ್ಡ್‌ಗಳು ಬೆಳೆಯುವುದೇ ಹಾಗೆ. ನಿಮ್ಮ ಜೇಬಿನಲ್ಲಿರುವ ಫೋನು ಗೈಸ್‌ಬರ್ಗ್ ತಂದಿದ್ದ ಯಂತ್ರಕ್ಕಿಂತ ಎಷ್ಟೋ ಮೇಲು. ಮೂರು ನಿಮಿಷದ ಕಟ್ಟೂ ಇಲ್ಲ. ಹಾಗಾಗಿ:

- ಮನೆಯಲ್ಲಿ, ಕೇರಿಯಲ್ಲಿ ಪದ ಹೇಳುವ ಅಜ್ಜಿ, ತಾತ ಇದ್ದರೆ ಅವರನ್ನು ಕೇಳಿ, ಒಪ್ಪಿದರೆ ಮುದ್ರಿಸಿಕೊಳ್ಳಿ.
- ಫ್ಯಾನು, ಟಿವಿ ಆರಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಮೊಳ ದೂರದಲ್ಲಿಡಿ.
- ಹಾಡು ಮುಗಿದ ಮೇಲೆ ಗೌಹರ್ ಜಾನ್ ಮಾಡಿದ್ದನ್ನೇ ಮಾಡಿಸಿ. ಅವರ ಬಾಯಲ್ಲೇ ಹೆಸರು, ಊರು, ಯಾರಿಂದ ಕಲಿತದ್ದು, ಯಾವ ಶಾಸ್ತ್ರಕ್ಕೆ ಹಾಡುವುದು ಎಂದು ಹೇಳಿಸಿ. ತಾರೀಖು ನೀವು ಹೇಳಿ.
- ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿದಾಗ ಗುಣಮಟ್ಟ ಇಳಿಯುತ್ತದೆ. ಮೂಲ ಫೈಲನ್ನು ಬೇರೆ ಎರಡು ಕಡೆ ಉಳಿಸಿ. ಕಳಿಸಲೇಬೇಕಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿ.
- ಅಟ್ಟದಲ್ಲಿ ಹಳೆಯ ಪ್ಲೇಟು ಸಿಕ್ಕರೆ ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಆ ಕಾಲದ ಪ್ಲೇಟುಗಳಲ್ಲಿ ಅರಗು ಇರುತ್ತದೆ. ಸ್ಪಿರಿಟ್ ಅರಗನ್ನು ಕರಗಿಸುತ್ತದೆ, ಹಾಡೂ ಅದರ ಜೊತೆ ಹೋಗುತ್ತದೆ.

ಮುಂದಿನ ಸಲ ಮ್ಯಾಕ್ಸ್ ಮುಲ್ಲರ್ ಸಂದೇಶ ಗ್ರೂಪಿಗೆ ಬಂದರೆ ಮುಂದಕ್ಕೆ ತಳ್ಳಬೇಡಿ. ನಿಮ್ಮೂರಿನ ಒಂದು ಪದವನ್ನು, ಹಾಡಿದವರ ಒಪ್ಪಿಗೆ ಪಡೆದು, ಹೆಸರು ಊರಿನ ಸಮೇತ ಹಾಕಿ.