ಮುಕ್ತ ಆನ್‌ಲೈನ್ ಶಿಕ್ಷಣವೂ ಬೋಧಕನ ಸಾಂಗತ್ಯವೂ

ಬೋಧಕನು ಎದುರಿಗಿಲ್ಲದೆ ಕಲಿಕೆ ಸಾಧ್ಯವೇ ಎಂಬ ಪ್ರಶ್ನೆ ಸಭೆಗೆ ಹೊಸದಲ್ಲ. ಪೌಲನು ದೂರದ ಸಭೆಗಳನ್ನು ಪತ್ರಗಳ ಮೂಲಕ ಬೋಧಿಸಿದನು. ಯೋಹಾನನ ಎರಡನೆಯ ಪತ್ರವನ್ನು ಬರೆದಾತನಾದರೋ, ಹೇಳಬೇಕಾದುದು ಬಹಳವಿದ್ದರೂ ಕಾಗದ ಮಸಿಗಳನ್ನು ಬದಿಗಿರಿಸಿ ಮುಖಾಮುಖಿಯಾಗಿ ಮಾತನಾಡಲು ಬಯಸುತ್ತಾನೆ (2 ಯೋಹಾ. 12). ಪತ್ರವೂ ಬೇಕು, ಭೇಟಿಯೂ ಬೇಕು. ಆನ್‌ಲೈನ್ ಬೋಧನೆಯ ಕುರಿತು ನಮ್ಮ ದೈವಶಾಸ್ತ್ರ ಕಾಲೇಜುಗಳು ನಿರ್ಧರಿಸಬೇಕಾದ ಈ ಹೊತ್ತಿನಲ್ಲಿ, ‘ಮೂಕ್’ ಎಂದು ಕರೆಯಲ್ಪಡುವ ಬೃಹತ್ ಮುಕ್ತ ಆನ್‌ಲೈನ್ ಕೋರ್ಸುಗಳು ನಡೆದುಬಂದ ಹಾದಿಯನ್ನು ನಾವು ಪರಿಶೀಲಿಸುವುದು ಉಚಿತ.

ಈ ಹೆಸರು ಹುಟ್ಟಿದ್ದು 2008ರಲ್ಲಿ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮನ್ಸ್ ಮತ್ತು ಸ್ಟೀಫನ್ ಡೌನ್ಸ್ ನಡೆಸಿದ ಒಂದು ಕೋರ್ಸಿಗೆ ಶುಲ್ಕ ತೆತ್ತವರು ಸುಮಾರು 25 ಮಂದಿ. ಉಚಿತವಾಗಿ ಸೇರಿಕೊಂಡವರು ಎರಡು ಸಾವಿರಕ್ಕೂ ಹೆಚ್ಚು. ಅಲ್ಲಿ ಕಲಿಯುವವರು ತಮ್ಮತಮ್ಮಲ್ಲೇ ಚರ್ಚಿಸಿ ಅರಿವನ್ನು ಕಟ್ಟಿಕೊಳ್ಳಬೇಕೆಂಬುದು ಆಶಯವಾಗಿತ್ತು.

2011ರಲ್ಲಿ ಸ್ವರೂಪ ಬದಲಾಯಿತು. ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದರು. ಮರುವರ್ಷವೇ ಯುಡಾಸಿಟಿ, ಕೋರ್ಸೆರಾ, ಎಡ್‌ಎಕ್ಸ್ ಸಂಸ್ಥೆಗಳು ತಲೆಯೆತ್ತಿದವು. ಚರ್ಚೆಗಿಂತ ಧ್ವನಿಮುದ್ರಿತ ಉಪನ್ಯಾಸವೂ ಯಂತ್ರವೇ ತಿದ್ದುವ ಪರೀಕ್ಷೆಯೂ ಮುಂದಾದವು. ವಿಶ್ವವಿದ್ಯಾಲಯಗಳ ಕಾಲವೇ ಮುಗಿಯಿತೆಂದು ಹಲವರು ಭಾವಿಸಿದರು.

ಆದರೆ ಅಂಕಿಅಂಶಗಳು ಬೇರೆಯದನ್ನು ತೋರಿಸಿದವು. ಹಾರ್ವರ್ಡ್ ಮತ್ತು ಎಂಐಟಿಗಳ ಮೊದಲ ವರ್ಷದ 17 ಕೋರ್ಸುಗಳಲ್ಲಿ 8,41,687 ನೋಂದಣಿಗಳಾದವು. ಪ್ರಮಾಣಪತ್ರ ದೊರೆತದ್ದು 43,196ಕ್ಕೆ, ಅಂದರೆ ಶೇಕಡ 5ರಷ್ಟಕ್ಕೆ. ಕುತೂಹಲದಿಂದ ಇಣುಕಿ ನೋಡಿದವರೂ ಇದರಲ್ಲಿ ಸೇರಿರುವುದರಿಂದ ಇದನ್ನು ಸೋಲೆಂದು ಮಾತ್ರ ಎಣಿಸಲಾಗದು. ಗಮನಿಸಬೇಕಾದುದು ಇನ್ನೊಂದಿದೆ: ಹೆಸರು ನೋಂದಾಯಿಸಿದವರಲ್ಲಿ ಹೆಚ್ಚಿನವರು ಆಗಲೇ ಪದವೀಧರರು. 2013ರಲ್ಲಿ ಸ್ಯಾನ್ ಹೋಸೆ ರಾಜ್ಯ ವಿಶ್ವವಿದ್ಯಾಲಯವು ಯುಡಾಸಿಟಿಯೊಡನೆ ಪ್ರಾರಂಭಿಕ ಗಣಿತವನ್ನು ಕಲಿಸಲು ಹೊರಟಾಗ ಬಹಳ ಮಂದಿ ಅನುತ್ತೀರ್ಣರಾಗಿ, ಪ್ರಯೋಗವನ್ನೇ ತಡೆಹಿಡಿಯಬೇಕಾಯಿತು. ಬಾಗಿಲು ಎಲ್ಲರಿಗೂ ತೆರೆದಿತ್ತು. ಆದರೆ ಕೈಹಿಡಿದು ಒಳಗೆ ಕರೆದೊಯ್ಯುವವರು ಯಾರಿಗೆ ಹೆಚ್ಚು ಅಗತ್ಯವೋ ಅವರೇ ಹೊರಗುಳಿದರು.

ಅನಂತರದ ಬೆಳವಣಿಗೆಯು ಕಳೆದುಹೋದ ಸಾಂಗತ್ಯವನ್ನು ಭಾಗಶಃ ಮರಳಿ ತರುವ ಯತ್ನ. 2014ರಲ್ಲಿ ಜಾರ್ಜಿಯಾ ಟೆಕ್ ಆರಂಭಿಸಿದ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಯಲ್ಲಿ ಪಾಠಗಳು ಮೂಕ್ ಮಾದರಿಯವೇ. ಆದರೆ ಪ್ರವೇಶಕ್ಕೆ ನಿಯಮವಿತ್ತು, ಸುಮಾರು 7,000 ಡಾಲರ್ ಶುಲ್ಕವಿತ್ತು, ಪ್ರಶ್ನೆಗಳಿಗೆ ಉತ್ತರಿಸುವ ಬೋಧನಾ ಸಹಾಯಕರಿದ್ದರು. ಭಾರತದಲ್ಲಿ 2017ರಲ್ಲಿ ಆರಂಭವಾದ ‘ಸ್ವಯಂ’ ವೇದಿಕೆಯಲ್ಲಿ ಪಾಠಗಳು ಉಚಿತ; ಪ್ರಮಾಣಪತ್ರ ಬೇಕೆಂದರೆ ಶುಲ್ಕ ತೆತ್ತು ಪರೀಕ್ಷೆ ಬರೆಯಬೇಕು. 2021ರ ಯುಜಿಸಿ ನಿಯಮವು ಒಂದು ಸೆಮಿಸ್ಟರಿನ ಶೇಕಡ 40ರವರೆಗಿನ ಕೋರ್ಸುಗಳನ್ನು ಹೀಗೆ ಪಡೆಯಲು ಅವಕಾಶ ನೀಡಿತು. ಮಿಕ್ಕ ಭಾಗ ಕಾಲೇಜಿನ ಹೊಣೆಯಾಗಿಯೇ ಉಳಿಯಿತು.

ದೈವಶಾಸ್ತ್ರ ಶಿಕ್ಷಣವು ಈ ಪಾಠವನ್ನು ಮೊದಲೇ ಕಲಿತಿತ್ತು. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯು ಕುಟುಂಬ, ದುಡಿಮೆಗಳನ್ನು ಬಿಟ್ಟು ಬರಲಾಗದ ಸಭಾನಾಯಕರಿಗಾಗಿ ವಿಸ್ತರಣಾ ಶಿಕ್ಷಣವನ್ನು ಆರಂಭಿಸಿತು. ಮನೆಯಲ್ಲಿ ಸ್ವಂತ ಅಧ್ಯಯನ, ಸಭೆಯಲ್ಲಿ ಸೇವೆ, ಇವೆರಡನ್ನೂ ಬೆಸೆಯಲು ಬೋಧಕನೊಡನೆ ನಿಯತವಾದ ಕೂಟ: ಇವು ಅದರ ಮೂರು ಎಳೆಗಳು. 1971ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡ ‘ಟ್ಯಾಫ್ಟೀ’ ಇದೇ ಮಾದರಿಯನ್ನು ನಮ್ಮ ದೇಶದಲ್ಲಿ ಬೆಳೆಸಿತು. ಪುಸ್ತಕವು ದೂರದಿಂದ ಬಂದರೂ ಕೂಟವು ಹತ್ತಿರದಲ್ಲೇ ನಡೆಯುತ್ತಿತ್ತು.

ಆದುದರಿಂದ ನಾವು ಎರಡು ತಪ್ಪುಗಳಿಂದ ದೂರವಿರಬೇಕು. ಸಭೆಯನ್ನು ಬಿಟ್ಟು ಬರಲಾರದ ಹಳ್ಳಿಯ ಉಪದೇಶಿಗೆ ಗ್ರೀಕ್ ಭಾಷೆಯನ್ನೋ ಸಭಾಚರಿತ್ರೆಯನ್ನೋ ಕಲಿಯಲು ದೊರೆತ ಅವಕಾಶವನ್ನು ತಿರಸ್ಕರಿಸುವುದು ಒಂದು. ಉಪನ್ಯಾಸವನ್ನು ಚಿತ್ರೀಕರಿಸಿ ಕಳುಹಿಸಿದ ಮಾತ್ರಕ್ಕೆ ಸೇವಕನನ್ನು ರೂಪಿಸಿದೆವೆಂದು ನೆಮ್ಮದಿಯಿಂದಿರುವುದು ಮತ್ತೊಂದು. ಆನ್‌ಲೈನ್ ಕೋರ್ಸನ್ನು ಯೋಜಿಸುವ ಪ್ರತಿಯೊಂದು ಸೆಮಿನರಿಯೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ವಿದ್ಯಾರ್ಥಿಯು ಪಾಠದ ನಡುವೆ ಎಡವಿದಾಗ ಅವನ ಹೆಸರು ಹಿಡಿದು ವಿಚಾರಿಸುವವರು ಯಾರು? ಅದಕ್ಕೆ ಉತ್ತರ ದೊರೆತ ಮೇಲೆಯೇ ಕ್ಯಾಮೆರಾ ಕೊಳ್ಳುವ ಮಾತು.