ಅಪರಾಧದ ಅಂಕಿಗಳೂ ಗಣಕಯಂತ್ರದ ಭಾಷೆಯೂ

ವಿದ್ಯೆ ಹೆಚ್ಚಿದಂತೆ ಅಪರಾಧ ಇಳಿಯುತ್ತದೆಯೆಂಬ ನಂಬಿಕೆ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸ್ ದೇಶದ ವಿದ್ಯಾವಂತರಲ್ಲಿ ಅನೇಕರು ಇದನ್ನು ಸ್ವತಃಸಿದ್ಧವಾದ ಮಾತೆಂದೇ ತಿಳಿದಿದ್ದರು. ಇದು ನಿಜವೇ ಎಂದು ಅಂಕಿ ಅಂಶಗಳನ್ನು ಮುಂದಿಟ್ಟುಕೊಂಡು ಕೇಳಿದ ಮೊದಲಿಗರಲ್ಲಿ ಒಬ್ಬನು ಆಂದ್ರೆ ಮಿಷೆಲ್ ಗೆರಿ (1802–1866) ಎಂಬ ನ್ಯಾಯವಾದಿ. ಕಾನೂನನ್ನು ಓದಿದವನು ಗಣಿತಕ್ಕೆ ಕೈಹಾಕಬೇಕಾಗಿ ಬಂದ ಈತನ ಕಥೆ, ಸಮಾಜಶಾಸ್ತ್ರವನ್ನು ಓದುತ್ತ ಗಣಕಯಂತ್ರದ ಮುಂದೆ ಅಳುಕುತ್ತ ಕುಳಿತಿರುವ ಇಂದಿನ ವಿದ್ಯಾರ್ಥಿಗೆ ಒಳ್ಳೆಯ ಪ್ರವೇಶವಾಗಬಲ್ಲುದು.

ಫ್ರಾನ್ಸಿನ ಸರ್ಕಾರವು 1825ನೆಯ ಇಸವಿಯಿಂದ ಮೊದಲುಗೊಂಡು ತನ್ನ ಕ್ರಿಮಿನಲ್ ನ್ಯಾಯಾಲಯಗಳ ಲೆಕ್ಕವನ್ನು ವರ್ಷವರ್ಷವೂ ಒಟ್ಟುಗೂಡಿಸಿ ಪ್ರಕಟಿಸತೊಡಗಿತು. ಆರೋಪಿಗಳೆಷ್ಟು ಮಂದಿ, ಆರೋಪವೇನು, ಯಾವ ಜಿಲ್ಲೆ ಎಂಬ ವಿವರಗಳೆಲ್ಲ ಅದರಲ್ಲಿದ್ದವು. ಗೆರಿ ಇವುಗಳನ್ನು ಆಧರಿಸಿ 1833ರಲ್ಲಿ ಫ್ರಾನ್ಸಿನ ನೈತಿಕ ಸಂಖ್ಯಾಶಾಸ್ತ್ರವನ್ನು ಕುರಿತ ಪ್ರಬಂಧವೊಂದನ್ನು ಪ್ರಕಟಿಸಿದನು. ಅಂದಿನ 86 ಜಿಲ್ಲೆಗಳಿಗೂ ಅಪರಾಧ, ಅಕ್ಷರಜ್ಞಾನ, ದಾನಧರ್ಮ, ಆತ್ಮಹತ್ಯೆ ಮುಂತಾದವುಗಳ ಅಂಕಿಗಳನ್ನು ಕೊಟ್ಟು, ದಟ್ಟ ಮತ್ತು ತಿಳಿಯಾದ ಛಾಯೆಗಳಿಂದ ನಕ್ಷೆಗಳನ್ನು ಬರೆದನು. ಎಲ್ಲವೂ ಕೈಲೆಕ್ಕ. ಮುಂದೆ ಆತನು ಎಣಿಕೆಯ ಭಾರವನ್ನು ತಾಳಲಾರದೆಯೋ ಏನೋ, ಅದಕ್ಕೆ ನೆರವಾಗುವ ಯಂತ್ರವೊಂದನ್ನು ತಾನೇ ರಚಿಸಿಕೊಂಡನು!

ಗೆರಿಯ ಆ ಕೋಷ್ಟಕವು ಇಂದು ಯಾರಿಗೆ ಬೇಕಾದರೂ ಉಚಿತವಾಗಿ ದೊರೆಯುತ್ತದೆ. ಸಂಖ್ಯಾಶಾಸ್ತ್ರಕ್ಕೆಂದೇ ರೂಪುಗೊಂಡ 'ಆರ್' ಎಂಬ ಗಣಕಭಾಷೆಯನ್ನು ಬಳಸುವವರು ಅದನ್ನು ಒಂದೆರಡು ಆಜ್ಞೆಗಳಿಂದ ತೆರೆದುಕೊಳ್ಳಬಹುದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು 1990ರ ದಶಕದ ಆದಿಯಲ್ಲಿ ಈ ಭಾಷೆಯನ್ನು ರಚಿಸಿದರು. 'ಭಾಷೆ' ಎಂದೊಡನೆ ಹೆದರಬೇಕಾದುದಿಲ್ಲ. ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟ ಪಟ್ಟಿಗೆ ಪ್ರೋಗ್ರಾಮು ಎಂದು ಹೆಸರು. ಅಡಿಗೆಯ ವಿಧಾನವನ್ನು ಬರೆದಿಟ್ಟಂತೆ. ಕೋಷ್ಟಕವನ್ನು ತೆರೆ, ಈ ಕಂಬಸಾಲನ್ನು ತೆಗೆದುಕೊ, ಅದರಿಂದ ಒಂದು ಲಕ್ಷವನ್ನು ಭಾಗಿಸು, ಬಂದುದನ್ನು ಇಳಿಕೆಯ ಕ್ರಮದಲ್ಲಿ ಜೋಡಿಸು, ಚಿತ್ರ ಬರೆ. ಸಂಶೋಧನೆಯನ್ನು ಆರಂಭಿಸುವವನಿಗೆ ಇಂತಹ ಇಪ್ಪತ್ತು ಮೂವತ್ತು ಆಜ್ಞೆಗಳ ಪರಿಚಯವಿದ್ದರೆ ಸಾಕು.

ಈಗ ಗೆರಿಯ ಕೋಷ್ಟಕದ ಎರಡು ಅಡ್ಡಸಾಲುಗಳನ್ನು ನೋಡೋಣ. ಕನ್ನಡಿಗರ ಕಿವಿಗೆ ಪ್ರಶ್ನೆಯಂತೆ ಕೇಳಿಸುವ 'ಏನ್' ಎಂಬುದು ಉತ್ತರ ಫ್ರಾನ್ಸಿನ ಒಂದು ಜಿಲ್ಲೆ. ಅಲ್ಲಿ ಸೈನ್ಯಕ್ಕೆ ಆಯ್ಕೆಯಾಗಿ ಬಂದ ತರುಣರಲ್ಲಿ ನೂರಕ್ಕೆ 51 ಮಂದಿ ಓದುಬರಹ ಬಲ್ಲವರು. ಆಸ್ತಿಯ ಅಪರಾಧಗಳ ಕಂಬಸಾಲಿನಲ್ಲಿ ಅದರ ಎದುರು ಇರುವ ಅಂಕಿ 5521. ಮಧ್ಯ ಫ್ರಾನ್ಸಿನ 'ಆಲಿಯೇ' ಜಿಲ್ಲೆಯಲ್ಲಿ ಓದುಬರಹ ಬಲ್ಲವರು ನೂರಕ್ಕೆ 13 ಮಂದಿ ಮಾತ್ರ. ಅದರ ಅಪರಾಧದ ಅಂಕಿ 7925. ಅಕ್ಷರಜ್ಞಾನವಿದ್ದಲ್ಲಿ ಅಂಕಿ ಸಣ್ಣದು, ಇಲ್ಲದಲ್ಲಿ ದೊಡ್ಡದು. ಹಾಗಾದರೆ ವಿದ್ಯೆಯು ಕಳ್ಳತನವನ್ನು ತಗ್ಗಿಸಿತಲ್ಲವೆ?

ಇಲ್ಲ. ಆ ಅಂಕಿಗಳು ಅಪರಾಧಗಳ ಸಂಖ್ಯೆಯೇ ಅಲ್ಲ. ಎಷ್ಟು ಮಂದಿ ನಿವಾಸಿಗಳಿಗೆ ಒಬ್ಬ ಆರೋಪಿ ಎಂಬುದನ್ನು ಗೆರಿ ಬರೆದಿಟ್ಟಿದ್ದಾನೆ. ಏನ್ ಜಿಲ್ಲೆಯಲ್ಲಿ 5521 ಮಂದಿಗೆ ಒಬ್ಬ. ಆಲಿಯೇಯಲ್ಲಿ 7925 ಮಂದಿಗೆ ಒಬ್ಬ. ಅಂಕಿ ದೊಡ್ಡದಾದಷ್ಟೂ ಅಪರಾಧ ಕಡಿಮೆ! ಈಗ ನಾವು ರೂಢಿಯಲ್ಲಿಟ್ಟುಕೊಂಡಿರುವ ಲಕ್ಷ ಜನರಿಗೆ ಇಷ್ಟು ಎಂಬ ದರಕ್ಕೆ ತಿರುಗಿಸಿದರೆ, ಓದು ಬಲ್ಲ ಏನ್ ಜಿಲ್ಲೆಗೆ ಸುಮಾರು 18, ಓದು ಬಾರದ ಆಲಿಯೇಗೆ ಸುಮಾರು 12.6 ಬರುತ್ತದೆ. ಕೋಷ್ಟಕವನ್ನಿಡೀ ತೆಗೆದುಕೊಂಡು, ಎರಡು ಪರಿಮಾಣಗಳು ಜೊತೆಜೊತೆಯಾಗಿ ಏರಿಳಿಯುವ ಬಗೆಯನ್ನು ಅಳೆಯುವ ಸಹಸಂಬಂಧಾಂಕವನ್ನು ಕೇಳಿದರೆ, ಗಣಕಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಋಣಚಿಹ್ನೆಯ ಅಂಕಿಯೊಂದನ್ನು ಕೊಡುತ್ತದೆ. ಅವಸರದ ವಿದ್ಯಾರ್ಥಿ ಅದನ್ನು ನೋಡಿ 'ವಿದ್ಯೆ ಹೆಚ್ಚಿದರೆ ಕಳ್ಳತನ ಇಳಿಯುತ್ತದೆ' ಎಂದು ಪ್ರಬಂಧವನ್ನೇ ಬರೆದುಬಿಟ್ಟಾನು. ಯಂತ್ರದ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿಲ್ಲ; ಕಂಬಸಾಲಿನ ಅರ್ಥವೇನೆಂದು ಅದಕ್ಕೆ ತಿಳಿಯದು, ಅಷ್ಟೆ. ದೇಹದ ಮೇಲಿನ ಅಪರಾಧಗಳನ್ನು ತೆಗೆದುಕೊಂಡರೆ ಅಕ್ಷರಜ್ಞಾನಕ್ಕೂ ಅವಕ್ಕೂ ಹೇಳಿಕೊಳ್ಳುವಂತಹ ಸಂಬಂಧವೇ ಕಾಣುವುದಿಲ್ಲ.

ಹಾಗಾದರೆ ಓದು ಕಲಿತವರೇ ಕಳ್ಳರೆಂದು ತೀರ್ಮಾನಿಸಬಹುದೆ? ಅದೂ ಕೂಡದು. ಗೆರಿಯ ಅಂಕಿಗಳು ಜಿಲ್ಲೆಗಳವು, ಮನುಷ್ಯರವಲ್ಲ. ಓದುಬರಹ ಹೆಚ್ಚಿದ್ದ ಉತ್ತರದ ಸೀಮೆಗಳಲ್ಲಿ ಪಟ್ಟಣಗಳೂ ಕೈಗಾರಿಕೆಯೂ ಹೆಚ್ಚು. ಕದಿಯಲು ಸೊತ್ತೂ ಹೆಚ್ಚು. ಕದ್ದವನು ಓದಿದವನೋ ಅಲ್ಲವೋ ಎಂಬುದನ್ನು ಜಿಲ್ಲೆಯ ಅಂಕಿಯು ಹೇಳಲಾರದು. ಈ ತೊಡಕನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ 1950ರಲ್ಲಿ ಮನಗಾಣುವಂತೆ ತೋರಿಸಿಕೊಟ್ಟನು. ಆ ದೇಶದ 1930ರ ಜನಗಣತಿಯಲ್ಲಿ ವಿದೇಶದಲ್ಲಿ ಹುಟ್ಟಿದವರಿಗೂ ಅನಕ್ಷರತೆಗೂ ಇರುವ ಸಹಸಂಬಂಧವನ್ನು ರಾಜ್ಯವಾರು ಎಣಿಸಿದಾಗ –0.53 ಬಂದಿತು, ವಿದೇಶೀಯರು ಹೆಚ್ಚಿದ್ದ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ. ಅದನ್ನೇ ಒಬ್ಬೊಬ್ಬ ವ್ಯಕ್ತಿಯನ್ನೂ ಬೇರೆ ಬೇರೆ ಹಿಡಿದು ಎಣಿಸಿದಾಗ +0.12! ಚಿಹ್ನೆಯೇ ಮಗುಚಿಕೊಂಡಿತು. ವಿದೇಶೀಯರು ಶಾಲೆಗಳು ಚೆನ್ನಾಗಿದ್ದ ರಾಜ್ಯಗಳಲ್ಲಿ ನೆಲೆಸಿದ್ದುದೇ ಇದಕ್ಕೆ ಕಾರಣ. ಒಂದು ಜನಾಂಗದ ಮೇಲೆಯೋ ಒಂದು ಊರಿನ ಮೇಲೆಯೋ ಅಪರಾಧಿಗಳೆಂಬ ಹಣೆಪಟ್ಟಿ ಅಂಟಿಸುವ ಲೇಖನಗಳಲ್ಲಿ ಎಷ್ಟೋ ಈ ಹಳ್ಳಕ್ಕೇ ಬಿದ್ದಂತಹವು.

ನಮ್ಮ ದೇಶದಲ್ಲಿ ಅಪರಾಧಗಳ ವಾರ್ಷಿಕ ವರದಿಯು 1953ರಿಂದ ಪ್ರಕಟವಾಗುತ್ತ ಬಂದಿದೆ. 1986ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಈಗ ಅದನ್ನು ಹೊರತರುತ್ತಿದೆ. ಹಲವು ವರ್ಷಗಳ ಜಿಲ್ಲಾವಾರು ಅಂಕಿಗಳನ್ನು ಒಂದೆಡೆ ಜೋಡಿಸಹೊರಟವನು ಪ್ರೋಗ್ರಾಮಿನ ಬೆಲೆಯನ್ನೂ ಅದರ ಮೊಂಡುತನವನ್ನೂ ಒಟ್ಟಿಗೆ ಕಾಣುತ್ತಾನೆ. ಗುಲ್ಬರ್ಗ 2014ರಲ್ಲಿ ಕಲಬುರಗಿಯಾಯಿತು. ನಮಗೆ ಅದು ಒಂದೇ ಊರು. ಯಂತ್ರಕ್ಕೆ ಅಕ್ಷರ ಬೇರೆಯಾದರೆ ಜಿಲ್ಲೆಯೇ ಬೇರೆ. ಎರಡೂ ಒಂದೇ ಎಂದು ಆಜ್ಞೆಯಲ್ಲಿ ಬರೆದು ತಿಳಿಸಬೇಕು. ಇನ್ನೊಂದು ವಿಚಿತ್ರವನ್ನು ನೋಡಿರಿ: ಅದೇ ಜಿಲ್ಲೆಯಿಂದ 2009ರ ಕೊನೆಯಲ್ಲಿ ಯಾದಗಿರಿಯು ಬೇರ್ಪಟ್ಟಿತು. ಅಲ್ಲಿಂದ ಮುಂದೆ ಹಳೆಯ ಜಿಲ್ಲೆಯ ಅಪರಾಧಗಳು ಏಕಾಏಕಿ ಇಳಿದಂತೆ ಕಂಡರೆ ಅದು ಪೋಲೀಸರ ಸಾಹಸವಲ್ಲ, ಗಡಿರೇಖೆಯ ಕೆಲಸ. ಎರಡನ್ನೂ ಕೂಡಿಸಿಯೇ ಹಿಂದಿನ ವರ್ಷಗಳೊಡನೆ ಹೋಲಿಸಬೇಕು. ಇಂತಹ ತಿದ್ದುಪಡಿಗಳನ್ನು ಕಾಗದದ ಮೇಲೆ ಮಾಡಿದರೆ ಮಾಡಿದವನೇ ಆರು ತಿಂಗಳಲ್ಲಿ ಮರೆಯುತ್ತಾನೆ. ಪ್ರೋಗ್ರಾಮಿನಲ್ಲಿ ಪ್ರತಿಯೊಂದೂ ಬರೆಹವಾಗಿ ಉಳಿಯುವುದರಿಂದ ಬೇರೊಬ್ಬನು ಅದನ್ನು ಓದಿ ತಪ್ಪು ಹಿಡಿಯಬಹುದು. ಕೈಲೆಕ್ಕಕ್ಕಿಂತ ಪ್ರೋಗ್ರಾಮು ಮೇಲೆನ್ನುವುದಕ್ಕೆ ವೇಗಕ್ಕಿಂತಲೂ ಇದೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ.

ಬಿಟ್ಟುಹೋದ ಅಂಕಿಗಳ ವಿಷಯವೂ ಇದೆ. ವರದಿ ಕಳಿಸದ ಠಾಣೆಯ ಮನೆಯಲ್ಲಿ ಸೊನ್ನೆಯನ್ನು ತುಂಬಿದರೆ ಆ ಊರು ರಾಮರಾಜ್ಯವಾಗಿಬಿಡುತ್ತದೆ! ಆರ್ ಭಾಷೆಯಲ್ಲಿ 'ಎನ್‌ಎ' ಎಂಬ ಗುರುತು ಇದಕ್ಕೆಂದೇ ಮೀಸಲು. ಅದಿರುವ ಸಾಲಿಗೆ ಸರಾಸರಿಯನ್ನು ಕೇಳಿದರೆ ಯಂತ್ರವು ಉತ್ತರವನ್ನೂ 'ಎನ್‌ಎ' ಎಂದೇ ಕೊಡುತ್ತದೆ. ಹೊಸಬರು ಬೇಸರಪಟ್ಟುಕೊಳ್ಳುತ್ತಾರೆ, ಆದರೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ಈ ಗುಣ ಮೆಚ್ಚತಕ್ಕದ್ದೇ. ಇನ್ನು ಎಣಿಕೆಯ ನಿಯಮಗಳನ್ನು ಯಾವ ಆಜ್ಞೆಯೂ ಹೇಳಿಕೊಡದು. ಬ್ಯೂರೋದ ಲೆಕ್ಕದಲ್ಲಿ ಒಂದೇ ಪ್ರಕರಣದಲ್ಲಿ ಹಲವು ಅಪರಾಧಗಳು ಸೇರಿದ್ದರೆ ಅತಿ ಘೋರವಾದ ಒಂದನ್ನು ಮಾತ್ರ ಎಣಿಸುವುದು ಪದ್ಧತಿ. ಅತ್ಯಾಚಾರ ಮಾಡಿ ಕೊಂದರೆ ಅದು ಕೊಲೆಯ ಲೆಕ್ಕಕ್ಕೆ ಮಾತ್ರ ಸೇರುತ್ತದೆ. ದೂರೇ ಕೊಡದೆ ಉಳಿದ ಅಪರಾಧಗಳಂತೂ ಯಾವ ಕೋಷ್ಟಕಕ್ಕೂ ಬಾರವು. ಇವನ್ನು ತಿಳಿಯಲು ವರದಿಯ ಮುನ್ನುಡಿಯನ್ನೇ ಓದಬೇಕು.

ಕಲಿಯಬೇಕೆನ್ನುವವರು ಗೆರಿಯ ಕೋಷ್ಟಕದಿಂದಲೇ ಆರಂಭಿಸಬಹುದು. ದೇಹದ ಮೇಲಿನ ಅಪರಾಧಗಳ ಸಾಲಿನಲ್ಲಿ ಕ್ರೋಜ್ ಜಿಲ್ಲೆಗೆ 37014, ಕಾರ್ಸಿಕಾ ದ್ವೀಪಕ್ಕೆ 2199 ಎಂದಿದೆ. ಲಕ್ಷಕ್ಕೆ ಇಷ್ಟೆಂಬ ದರಕ್ಕೆ ತಿರುಗಿಸಿದರೆ ಮೊದಲನೆಯದು 2.7, ಎರಡನೆಯದು 45.5 ಆಗುತ್ತದೆ. ಚಿತ್ರ ಬರೆದಾಗ ಉಳಿದೆಲ್ಲ ಚುಕ್ಕೆಗಳು ಒಂದೆಡೆ ಗುಂಪುಗೂಡಿದ್ದರೆ ಕಾರ್ಸಿಕಾ ಒಂದೇ ಬಹು ದೂರದಲ್ಲಿ ನಿಲ್ಲುತ್ತದೆ. ಮನೆತನಗಳ ನಡುವೆ ತಲೆಮಾರುಗಳವರೆಗೆ ನಡೆಯುತ್ತಿದ್ದ ಹಗೆತನಕ್ಕೆ ಆ ದ್ವೀಪ ಹೆಸರಾಗಿದ್ದಿತು. ಅದನ್ನು ಇಟ್ಟುಕೊಂಡು ಒಮ್ಮೆ, ಬಿಟ್ಟು ಒಮ್ಮೆ ಸಹಸಂಬಂಧವನ್ನು ಎಣಿಸಿರಿ. ಎರಡು ಉತ್ತರಗಳಲ್ಲಿ ಯಾವುದನ್ನು ಪ್ರಬಂಧದಲ್ಲಿ ಬರೆಯುವಿರಿ, ಏಕೆ ಎಂಬುದನ್ನು ಪ್ರೋಗ್ರಾಮಿನ ಅಂಚಿನಲ್ಲಿಯೇ ಒಂದು ಸಾಲು ಬರೆದಿಡಿರಿ.